ಹಳೆಯ ಪುಷ್ಪಕ

ಅಂದು ಶನಿವಾರ, ಬೆಳಗಿನ ಶಾಲೆ. ಪ್ರಾರ್ಥನೆ ಮುಗಿಸಿ ಮಕ್ಕಳು ಸಾಲಾಗಿ ತರಗತಿಗೆ ಹೋಗುತ್ತಿದ್ದರು. ಆಗ ಬೀದರ್ ಕಡೆಯ ಆಕಾಶದಲ್ಲಿ ಗುಡುಗಿನಂಥ ಸದ್ದು ಕೇಳಿತು. ಸಾಲು ಅಲ್ಲಿಯೇ ನಿಂತಿತು. ಎಲ್ಲರ ಮುಖ ಮೇಲಕ್ಕೆ ತಿರುಗಿತು. ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದೆ. ಅಲ್ಲಿಂದ ಹಾರುವ ಜೆಟ್ ವಿಮಾನಗಳ ಸದ್ದು ಜಹೀರಾಬಾದಿನ ನಮಗೆ ಹೊಸದಲ್ಲ. ಆದರೂ ವಿಮಾನ ಬಂದರೆ ನೋಡದೆ ಇರಲು ಯಾರಿಂದಲೂ ಆಗುವುದಿಲ್ಲ, ನನ್ನಿಂದಲೂ ಆಗುವುದಿಲ್ಲ.

ತರಗತಿಯಲ್ಲಿ ಕುಳಿತ ಮೇಲೆ ಒಬ್ಬ ಹುಡುಗ ಎದ್ದು ನಿಂತ.

"ಗುರುಗಳೇ, ನಮ್ಮಪ್ಪ ಹೋದ ವರ್ಷ ಹಳೆಯ ಟ್ರ್ಯಾಕ್ಟರ್ ಕೊಂಡರು. ಹಾಗೆಯೇ ಹಳೆಯ ವಿಮಾನ ಕೊಳ್ಳಬಹುದೇ?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ.

"ಕೊಳ್ಳಬಹುದು. ಆದರೆ ಕೊಳ್ಳುವುದು ಸುಲಭ, ಇಟ್ಟುಕೊಳ್ಳುವುದು ಕಷ್ಟ. ಬನ್ನಿ, ಒಂದು ವಿಮಾನ ಬರೆಯೋಣ" ಎಂದು ಸೀಮೆಸುಣ್ಣ ತೆಗೆದುಕೊಂಡೆ.

ನಮ್ಮ ತರಗತಿಯ ನೆಲಕ್ಕೆ ತಾಂಡೂರು ಕಲ್ಲು ಹಾಸಿದೆ. ಅದರ ಮೇಲೆ ಬರೆಯಲು ತೊಡಗಿದೆ. ಒಂದು ರೆಕ್ಕೆ ಮುಗಿಯುವುದರೊಳಗೆ ಗೋಡೆ ಅಡ್ಡ ಬಂತು. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 11 ಮೀಟರ್ ಬೇಕಲ್ಲ! ಎಲ್ಲರೂ ಅಂಗಳಕ್ಕೆ ಹೋದೆವು. ಹುಡುಗಿಯರು ಹಗ್ಗ ಹಿಡಿದು ಅಳತೆ ಹಾಕಿದರು. ಹುಡುಗರು ಕೋಲಿನಿಂದ ಗೆರೆ ಎಳೆದರು. ಮೂಗಿನಿಂದ ಬಾಲದವರೆಗೆ ಆರು ಮೀಟರಿಗಿಂತ ಸ್ವಲ್ಪ ಹೆಚ್ಚು. ಒಳಗೆ ಪಕ್ಕಪಕ್ಕದಲ್ಲಿ ಇಬ್ಬರಿಗೆ ಮಾತ್ರ ಸ್ಥಳ.

"ಇದರ ಹೆಸರು ಪುಷ್ಪಕ" ಎಂದೆ.

"ರಾವಣನದೇ?" ಎಂದು ಯಾರೋ ಕೇಳಿದರು.

ಹೆಸರು ರಾಮಾಯಣದ್ದೇ. ವಿಮಾನ ಮಾತ್ರ ಬೆಂಗಳೂರಿನದು. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ ಆರಂಭವಾಯಿತು. ಅದನ್ನು ಕಟ್ಟಿದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮೈಸೂರು ಸರ್ಕಾರವೂ ಹಣ ತೊಡಗಿಸಿತು. ಅದೇ ಇಂದಿನ ಎಚ್.ಎ.ಎಲ್. ಅಲ್ಲಿ ಡಾ. ವಿ. ಎಂ. ಘಾಟಗೆ ಎಂಬ ವಿಜ್ಞಾನಿ ಇದ್ದರು. ಅವರ ತಂಡ ರೂಪಿಸಿದ ತರಬೇತಿ ವಿಮಾನ ಎಚ್.ಟಿ.-2, 1951ರಲ್ಲಿ ಹಾರಿತು. 1958ರಲ್ಲಿ ಪುಷ್ಪಕ ಹಾರಿತು. ಒಂದೂವರೆ ನೂರಕ್ಕೂ ಹೆಚ್ಚು ಪುಷ್ಪಕಗಳನ್ನು ಕಟ್ಟಿದರು. ಹೆಚ್ಚಿನವು ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಅಲ್ಲಿ ಎಷ್ಟೋ ತರುಣ ತರುಣಿಯರು ಅದರಲ್ಲಿ ಹಾರಲು ಕಲಿತರು. 1960ರ ದಶಕ ಮುಗಿಯುವ ಹೊತ್ತಿಗೆ ಅದನ್ನು ಕಟ್ಟುವುದು ನಿಂತಿತು. ಅಂದರೆ ಇಂದು ಎಲ್ಲಿ ಪುಷ್ಪಕ ಕಂಡರೂ ಅದು ನಿಮ್ಮ ಅಜ್ಜನ ಕಾಲದ್ದು.

ಖಾಲಿ ಪುಷ್ಪಕದ ತೂಕ ಸುಮಾರು ನಾಲ್ಕು ಕ್ವಿಂಟಾಲ್ ಎಂದಾಗ ಯಾರೂ ನಂಬಲಿಲ್ಲ. "ನಮ್ಮ ಬಂಡಿಯಲ್ಲಿ ಅದಕ್ಕಿಂತ ಹೆಚ್ಚು ಕಬ್ಬು ಹೇರುತ್ತೇವೆ!" ಎಂದಳು ಒಬ್ಬಳು. ಅದು ಹಗುರವಾಗಿರಲು ಕಾರಣವಿದೆ. ಅದರ ಒಡಲು ಉಕ್ಕಿನ ತೆಳು ಕೊಳವೆಗಳ ಹಂದರ. ಹಂದರದ ಮೇಲೆ ಬಟ್ಟೆ ಹೊದಿಸಿರುತ್ತಾರೆ.

"ಬಟ್ಟೆಯೇ! ಹರಿದರೆ?"

ಅದಕ್ಕೆಂದೇ ಬಟ್ಟೆಗೆ ಡೋಪ್ ಎಂಬ ದ್ರವವನ್ನು ಹಲವು ಸಲ ಬಳಿಯುತ್ತಾರೆ. ಡೋಪ್ ಒಣಗುವಾಗ ಬಟ್ಟೆ ಬಿಗಿಯುತ್ತದೆ. ಬೆರಳಿನಿಂದ ತಟ್ಟಿದರೆ ಹಲಗೆಯ ಹಾಗೆ ಸದ್ದು ಬರುತ್ತದೆ. ಮೊಹರಮ್ಮಿನಲ್ಲಿ ಬಾರಿಸುವ ಹಲಗೆಯನ್ನು ನೀವು ಬೆಂಕಿಗೆ ಕಾಯಿಸಿ ಬಿಗಿ ಮಾಡುವುದಿಲ್ಲವೇ? ಹಾಗೆಯೇ. ಆದರೆ ಬಿಸಿಲು ಮಳೆಗೆ ವರ್ಷ ವರ್ಷ ಈ ಬಟ್ಟೆಯ ಬಲ ಕುಗ್ಗುತ್ತದೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಸೋತಿರುತ್ತದೆ. ಅದಕ್ಕಾಗಿ ಆಗಾಗ ಬಟ್ಟೆಯ ಬಲವನ್ನು ಪರೀಕ್ಷಿಸಬೇಕು. ಸೋತಿದ್ದರೆ ಹಳೆಯದನ್ನು ಪೂರ್ತಿ ಬಿಚ್ಚಿ ಹೊಸದನ್ನು ಹೊದಿಸಬೇಕು. ಬಿಚ್ಚಿದಾಗ ಒಳಗಿನ ಕೊಳವೆಗಳಿಗೆ ತುಕ್ಕು ಹಿಡಿದಿದೆಯೇ ಎಂದೂ ನೋಡುತ್ತಾರೆ. ಕೆಲವೊಮ್ಮೆ ರೆಕ್ಕೆಯೊಳಗೆ ಇಲಿ ಮರಿ ಹಾಕಿರುತ್ತದೆ!

ಈಗ, ಈ ಅಂಗಳದ ಪುಷ್ಪಕ ನಿಮ್ಮದೇ ಎಂದುಕೊಳ್ಳೋಣ ಎಂದೆ. ಎಲ್ಲರೂ ಗೆರೆಯ ಒಳಗೆ ಹಾರಿ ನಿಂತರು. ಎಲ್ಲರನ್ನೂ ಹೊರಗೆ ಕಳಿಸಿದೆ. ವಿಮಾನದವರು ಮೊದಲು ಒಳಗೆ ಹತ್ತುವುದಿಲ್ಲ, ಸುತ್ತು ಹಾಕುತ್ತಾರೆ.

ಮೊದಲು ಹಗ್ಗ. ಇಷ್ಟು ಹಗುರವಾದ ವಿಮಾನವನ್ನು ಬಯಲಿನಲ್ಲಿ ಬಿಟ್ಟರೆ ಬಿರುಗಾಳಿ ಮಗುಚಿಹಾಕುತ್ತದೆ. ಆದ್ದರಿಂದ ರೆಕ್ಕೆಗಳನ್ನೂ ಬಾಲವನ್ನೂ ನೆಲದ ಕೊಂಡಿಗಳಿಗೆ ಕಟ್ಟಿರುತ್ತಾರೆ. ಎತ್ತಿನಂತೆ ಅದನ್ನೂ ಬಿಚ್ಚಬೇಕು. ಆಮೇಲೆ ರೆಕ್ಕೆಯ ಕೆಳಗಿನ ಸಣ್ಣ ಕೊಳವೆ. ಎದುರು ಗಾಳಿ ಅದರೊಳಗೆ ನುಗ್ಗಿದಾಗ ವೇಗದ ಮುಳ್ಳು ತಿರುಗುತ್ತದೆ. ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳುವಿಗೆ ಈ ಕೊಳವೆ ಬಹಳ ಇಷ್ಟ. ಅದು ಗೂಡು ಕಟ್ಟಿದರೆ ವೇಗ ತಿಳಿಯುವುದೇ ಇಲ್ಲ. ವೇಗ ತೀರ ಕಡಿಮೆಯಾದರೆ ವಿಮಾನ ಗಾಳಿಯಲ್ಲಿ ನಿಲ್ಲದು. ಒಂದು ಹುಳುವಿನಿಂದ ಇಷ್ಟೆಲ್ಲ! ಅದಕ್ಕಾಗಿ ಕೊಳವೆಗೆ ಚೀಲ ತೊಡಿಸಿ, ಮರೆಯದಿರಲೆಂದು ಅದಕ್ಕೆ ಕೆಂಪು ಪಟ್ಟಿ ಕಟ್ಟಿರುತ್ತಾರೆ. ಚೀಲವನ್ನು ತೆಗೆಯದೆ ಹಾರಿದರೂ ಅಪಾಯವೇ.

ನಂತರ ಪೆಟ್ರೋಲ್. ವಿಮಾನದ ಪೆಟ್ರೋಲ್ ಬೇರೆ ಬಗೆಯದು. ಟ್ಯಾಂಕಿನ ತಳದಲ್ಲಿ ಒಂದು ಪುಟ್ಟ ನಲ್ಲಿ ಇರುತ್ತದೆ. ದಿನದ ಮೊದಲ ಹಾರಾಟಕ್ಕೆ ಮುನ್ನ ಅದರಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಲೋಟಕ್ಕೆ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಾರೆ. ತಳದಲ್ಲಿ ಮಣಿಯಂಥ ಹನಿ ಕಂಡರೆ ಅದು ನೀರು. ಟ್ಯಾಂಕ್ ಅರ್ಧ ಖಾಲಿ ಇದ್ದರೆ ಒಳಗಿನ ಗಾಳಿ ರಾತ್ರಿ ತಣಿದು ಇಬ್ಬನಿಯಂತೆ ನೀರಾಗುತ್ತದೆ. ಪೆಟ್ರೋಲಿಗಿಂತ ನೀರು ಭಾರ, ತಳಕ್ಕೆ ಇಳಿಯುತ್ತದೆ. ಎಂಜಿನ್ ಪೆಟ್ರೋಲನ್ನು ಸೆಳೆದುಕೊಳ್ಳುವುದೂ ತಳದಿಂದಲೇ. ಹನಿ ಕಾಣದಾಗುವವರೆಗೆ ಹಿಡಿದು ಹಿಡಿದು ನೋಡಬೇಕು. ಜಾಣರು ಸಂಜೆಯೇ ಟ್ಯಾಂಕ್ ತುಂಬಿಸಿ ಇಡುತ್ತಾರೆ.

"ನೀರು ಬಂದರೆ ಏನಾಗುತ್ತದೆ ಗುರುಗಳೇ? ಗಾಡಿ ನಿಲ್ಲುತ್ತದೆ, ಅಷ್ಟೇ ಅಲ್ಲವೇ?" ಎಂದ ಟ್ರ್ಯಾಕ್ಟರ್ ಹುಡುಗ.

ಆಗ ನನ್ನ ಕಥೆಯನ್ನು ಹೇಳಿದೆ. ನನ್ನ ಬಳಿ ಒಂದು ಹಳೆಯ ಮೊಪೆಡ್ ಇತ್ತು. ಒಮ್ಮೆ ನಾರಾಯಣಖೇಡದಿಂದ ಬರುವಾಗ ಅದು ಕೆಮ್ಮಿತು, ಇನ್ನೊಮ್ಮೆ ಕೆಮ್ಮಿ ನಿಂತಿತು. ಪೆಟ್ರೋಲಿನಲ್ಲಿ ನೀರು ಸೇರಿತ್ತು. ಎರಡು ದಿನದಿಂದ ಅದು ಕೆಮ್ಮುತ್ತಿದ್ದುದು ನನಗೆ ಗೊತ್ತಿತ್ತು. ನಾಳೆ ತೋರಿಸಿದರಾಯಿತು ಎಂದುಕೊಂಡಿದ್ದೆ. ತಪ್ಪು ನನ್ನದೇ. ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಬಂದ ಲಾರಿಗೆ ಕೈ ಮಾಡಿದೆ.

"ಈಗ ಹೇಳು, ಆಕಾಶದಲ್ಲಿ ಬೇವಿನ ಮರ ಎಲ್ಲಿದೆ?"

ಹುಡುಗ ಮೇಲೆ ನೋಡಿದ. ಏನೂ ಹೇಳಲಿಲ್ಲ.

ಪುಷ್ಪಕಕ್ಕೆ ಒಂದೇ ಎಂಜಿನ್. ಅದಕ್ಕೆ ನಾಲ್ಕು ಸಿಲಿಂಡರ್, 90 ಅಶ್ವಶಕ್ತಿ. ಅದನ್ನು ಚಾಲೂ ಮಾಡಲು ಮುಂದಿನ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುತ್ತಿದ್ದರು. ಒಬ್ಬರು ಒಳಗೆ ಕುಳಿತು ಬ್ರೇಕ್ ಒತ್ತಿ ಹಿಡಿಯಬೇಕು. ಚಕ್ರಕ್ಕೆ ಅಡ್ಡ ಕಟ್ಟಿಗೆ ಇಟ್ಟಿರಬೇಕು. ಹೊರಗಿನವರು "ಕಾಂಟ್ಯಾಕ್ಟ್!" ಎಂದು ಕೂಗುತ್ತಾರೆ. ಒಳಗಿನವರೂ "ಕಾಂಟ್ಯಾಕ್ಟ್!" ಎಂದು ಕೂಗಿ ಸ್ವಿಚ್ ಹಾಕಿದ ಮೇಲೆಯೇ ಪ್ರೊಪೆಲ್ಲರ್ ಎಳೆದು, ತಟ್ಟನೆ ಹಿಂದೆ ಸರಿಯುತ್ತಾರೆ. ಇದು ಮಕ್ಕಳಾಟವಲ್ಲ, ಕಲಿತವರೇ ಮಾಡುವ ಕೆಲಸ. ನಮ್ಮ ಮಕ್ಕಳಿಗೆ ಮಾತ್ರ ಈ ಕೂಗು ಬಹಳ ಹಿಡಿಸಿತು. ಸ್ವಲ್ಪ ಹೊತ್ತು ಅಂಗಳದ ತುಂಬ ಅದೇ ಕೂಗು.

ಎಂಜಿನಿನ ಒಳಗೆ ಮ್ಯಾಗ್ನೆಟೊ ಎಂಬ ಸಾಧನವಿದೆ. ಅದರಲ್ಲಿ ಅಯಸ್ಕಾಂತ ತಿರುಗಿ ತಾನೇ ಕಿಡಿ ಹುಟ್ಟಿಸುತ್ತದೆ, ಬ್ಯಾಟರಿ ಬೇಡ. ಮ್ಯಾಗ್ನೆಟೊ ಒಂದಲ್ಲ, ಎರಡು. ಪ್ರತಿ ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಈ ಏರ್ಪಾಡು. ಹಾರುವ ಮೊದಲು ಒಂದನ್ನು ನಿಲ್ಲಿಸಿ ನೋಡುತ್ತಾರೆ. ಎಂಜಿನಿನ ವೇಗ ಸ್ವಲ್ಪ ಇಳಿದರೆ ಸರಿ. ಆಮೇಲೆ ಎರಡನೆಯದನ್ನು ನಿಲ್ಲಿಸಿ ನೋಡುತ್ತಾರೆ. ಎಂಜಿನ್ ತಡವರಿಸಿದರೆ ಆ ದಿನ ಹಾರಾಟವಿಲ್ಲ. ಮದುವೆಗೆ ಹೋಗಬೇಕಾಗಿದ್ದರೂ ಇಲ್ಲ.

ಇದು ಪ್ರತಿದಿನದ ಮಾತಾಯಿತು. ಹಾರಿದ ಗಂಟೆಗಳ ಲೆಕ್ಕ ಬೇರೆ ಇದೆ. ಇಂತಿಷ್ಟು ಗಂಟೆ ಹಾರಿದ ಮೇಲೆ ಎಣ್ಣೆ ಬದಲಿಸಬೇಕು, ಇಂತಿಷ್ಟು ಗಂಟೆಗೆ ಎಂಜಿನನ್ನೇ ಬಿಚ್ಚಿ ಹೊಸದಾಗಿ ಜೋಡಿಸಬೇಕು ಎಂದು ಕಟ್ಟಿದವರು ಬರೆದಿಟ್ಟಿರುತ್ತಾರೆ. ಹಾಗೆಂದು ಹಾರಿಸದೆ ಇಟ್ಟರೆ ಉಳಿಯುತ್ತದೆಯೇ? ಇಲ್ಲ. ಸುಮ್ಮನೆ ನಿಂತ ಎಂಜಿನಿನ ಒಳಗೆ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿಯುತ್ತದೆ.

"ಬೋಲ್ಟ್ ಹಾಳಾದರೆ ನಮ್ಮೂರಿನ ಲೇತ್ ಅಂಗಡಿಯಲ್ಲಿ ಮಾಡಿಸಬಹುದಲ್ಲ!" ಎಂದ ಇನ್ನೊಬ್ಬ. ಟ್ರ್ಯಾಕ್ಟರಿಗೆ ಸರಿ. ವಿಮಾನದ ಬೋಲ್ಟ್ ನೋಡಲು ಹಾಗೆಯೇ ಇದ್ದರೂ ಅದರ ಉಕ್ಕು ಬೇರೆ. ಪ್ರತಿ ಭಾಗದ ಜೊತೆಗೆ ಅದು ಎಲ್ಲಿ ತಯಾರಾಯಿತು, ಯಾರು ಪರೀಕ್ಷಿಸಿದರು ಎಂಬ ಕಾಗದ ಬರಬೇಕು. ಕಾಗದವಿಲ್ಲದ ಬೋಲ್ಟ್ ಹಾಕುವಂತಿಲ್ಲ. ಹಳೆಯ ವಿಮಾನ ಇಟ್ಟುಕೊಂಡವರ ದೊಡ್ಡ ತೊಂದರೆ ಇದೇ. ಕಟ್ಟುವುದು ನಿಂತುಹೋದ ವಿಮಾನಕ್ಕೆ ಭಾಗಗಳು ಸುಲಭವಾಗಿ ಸಿಗುವುದಿಲ್ಲ. ಒಂದು ಸಣ್ಣ ಭಾಗಕ್ಕಾಗಿ ವಿಮಾನ ತಿಂಗಳುಗಟ್ಟಲೆ ಹ್ಯಾಂಗರಿನಲ್ಲಿ ನಿಲ್ಲುವುದುಂಟು. ಭಾಗ ಬಂದ ಮೇಲೂ ಒಡೆಯ ತಾನೇ ರಿಪೇರಿ ಮಾಡಿ ಹಾರುವಂತಿಲ್ಲ. ಪರವಾನಗಿ ಪಡೆದ ಎಂಜಿನಿಯರ್ ನೋಡಿ ರುಜು ಹಾಕಬೇಕು. ಹಾರಿಸುವವರಿಗೂ ಪರವಾನಗಿ ಬೇಕು, ಅದಕ್ಕೆ 17 ವರ್ಷ ತುಂಬಿರಬೇಕು. ವಿಮಾನದ ಹೆಸರು ಸರ್ಕಾರದ ದಾಖಲೆಯಲ್ಲಿ ಇರಬೇಕು. ಭಾರತದ ನಾಗರಿಕ ವಿಮಾನಗಳ ಮೇಲೆಲ್ಲ 'ವಿಟಿ' ಎಂಬ ಎರಡು ಇಂಗ್ಲಿಷ್ ಅಕ್ಷರ ಬರೆದಿರುತ್ತದೆ. ಅದರ ಮುಂದೆ ಆ ವಿಮಾನದ್ದೇ ಮೂರು ಅಕ್ಷರ.

ಎಂಜಿನಿಯರ್ ರುಜು ಹಾಕುವ ಪುಸ್ತಕಕ್ಕೆ ಲಾಗ್ ಬುಕ್ ಎನ್ನುತ್ತಾರೆ. ಯಾವ ದಿನ ಎಷ್ಟು ಗಂಟೆ ಹಾರಿತು, ಏನು ಕೆಟ್ಟಿತು, ಯಾರು ಸರಿ ಮಾಡಿದರು, ಎಲ್ಲವೂ ಅದರಲ್ಲಿದೆ. ವಿಮಾನ ಮಾರಿದರೆ ಪುಸ್ತಕವೂ ಜೊತೆಗೆ ಹೋಗುತ್ತದೆ. ಹಳೆಯ ವಿಮಾನ ಕೊಳ್ಳುವವರು ಬಣ್ಣ ನೋಡುವುದಕ್ಕೆ ಮುಂಚೆ ಈ ಪುಸ್ತಕ ಓದುತ್ತಾರೆ.

ಕಿಟಕಿಯ ಬಳಿ ಕೂರುವ ಹುಡುಗಿ, ತೀರ ಕಡಿಮೆ ಮಾತಿನವಳು, ಕೈ ಎತ್ತಿದಳು.

"ಗುರುಗಳೇ, ಇಳಿಸುವಾಗ ವಿಮಾನ ದಡಕ್ಕನೆ ನೆಲಕ್ಕೆ ಬಡಿಯಿತು ಅನ್ನಿ. ಯಾರೂ ನೋಡಲಿಲ್ಲ. ಬರೆದರೆ ಬೈಯುತ್ತಾರೆ. ಬರೆಯದಿದ್ದರೆ?"

ಒಳ್ಳೆಯ ಪ್ರಶ್ನೆ. ನಾನು ಬೇಗ ಉತ್ತರಿಸಲಿಲ್ಲ. ದಡಕ್ಕನೆ ಬಡಿದಾಗ ಚಕ್ರದ ಮೇಲಿನ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಬಟ್ಟೆಯ ಮರೆಯಲ್ಲಿ ಅದು ಕಾಣುವುದಿಲ್ಲ. ಅಂದು ಏನೂ ಆಗದು. ಮರುದಿನ ಇನ್ನೊಬ್ಬರು ಬರುತ್ತಾರೆ. ಅವರು ಪುಸ್ತಕ ತೆರೆಯುತ್ತಾರೆ. ಅಲ್ಲಿ ಏನೂ ಬರೆದಿಲ್ಲ, ಹಾಗಾದರೆ ಎಲ್ಲವೂ ಸರಿ ಎಂದು ನಂಬಿ ಹತ್ತುತ್ತಾರೆ.

"ಇನ್ನೊಬ್ಬರು..." ಎಂದಳು ಹುಡುಗಿ. ಕೆಳಗೆ ಕುಳಿತು ಅಂಗಳದ ಚಿತ್ರದಲ್ಲಿ ಚಕ್ರದ ಬಳಿ ಒಂದು ಸಣ್ಣ ಅಡ್ಡಗೆರೆ ಎಳೆದಳು.

ಸರಿಯಾಗಿ ನೋಡಿಕೊಂಡರೆ ಹಳೆಯ ವಿಮಾನ ಎಷ್ಟು ಕಾಲ ಹಾರೀತು? 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಟಪಾಲು ತಂದರು. ನಡುವೆ ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲ್ ಡಬ್ಬಿಗಳು ಎತ್ತಿನ ಬಂಡಿಯಲ್ಲಿ ಬಂದಿದ್ದವಂತೆ! ಮುಂಬಯಿಯಿಂದ ಆ ಟಪಾಲನ್ನು ನೆವಿಲ್ ವಿನ್ಸೆಂಟ್ ಎಂಬ ವಿಮಾನ ಚಾಲಕರು ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಐವತ್ತು ವರ್ಷ ತುಂಬಿದಾಗ, 1982ರಲ್ಲಿ, ಟಾಟಾ ಅವರು ಅದೇ ದಾರಿಯಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೆ ಒಬ್ಬರೇ ಹಾರಿ ಬಂದರು. ಆಗ ಅವರ ವಯಸ್ಸು 78. ವಿಮಾನ ಲೆಪರ್ಡ್ ಮಾತ್. ಅದೂ 1930ರ ದಶಕದಲ್ಲಿ ಕಟ್ಟಿದ್ದು. ಮುದುಕರೂ ಹಳೆಯ ವಿಮಾನವೂ ಸುಖವಾಗಿ ಇಳಿದರು. ಆ ವಿಮಾನವನ್ನು ಹಾರಲು ಸಿದ್ಧಮಾಡಿದ ಮೆಕ್ಯಾನಿಕರ ಹೆಸರನ್ನು ನಮ್ಮ ಪುಸ್ತಕಗಳು ಹೇಳುವುದಿಲ್ಲ. ನನಗೆ ಅದು ಸರಿ ಕಾಣುವುದಿಲ್ಲ.

ಗಂಟೆ ಬಾರಿಸಿತು. ಸೋಮವಾರ ಬಂದಾಗ ಮಳೆಗೆ ಅಂಗಳದ ಪುಷ್ಪಕ ಅಳಿಸಿಹೋಗಿತ್ತು. ಶಾಲೆಯ ಕೈಪಂಪಿನ ಪಕ್ಕದ ಮೊಳೆಗೆ ದಾರ ಪೋಣಿಸಿದ ನೂರು ಪುಟದ ನೋಟ್‌ಬುಕ್ ತೂಗುತ್ತಿತ್ತು. ಮೊದಲ ಪುಟದಲ್ಲಿ ಆ ಕಿಟಕಿಯ ಬಳಿಯ ಹುಡುಗಿಯ ದುಂಡು ಅಕ್ಷರ: ದಿನಾಂಕ, ವಾರ. ಅದರ ಕೆಳಗೆ, "ಹಿಡಿ ಸಡಿಲವಾಗಿದೆ. ನಾನೇ ಜೋರಾಗಿ ಎಳೆದೆ."

ಪದಗಳ ಅರ್ಥ
ಹಂದರ – ಚಪ್ಪರದಂತೆ ಕಟ್ಟಿದ ಚೌಕಟ್ಟು
ಅಶ್ವಶಕ್ತಿ – ಎಂಜಿನಿನ ಬಲದ ಅಳತೆ
ಹ್ಯಾಂಗರ್ – ವಿಮಾನ ನಿಲ್ಲಿಸುವ ದೊಡ್ಡ ಕೊಟ್ಟಿಗೆ
ರುಜು – ಸಹಿ

ಯೋಚಿಸಿ ಹೇಳಿರಿ
1. ಪೆಟ್ರೋಲನ್ನು ಟ್ಯಾಂಕಿನ ತಳದಿಂದಲೇ ಹಿಡಿದು ನೋಡುವುದೇಕೆ?
2. ಕಿಟಕಿಯ ಬಳಿಯ ಹುಡುಗಿ ಚಿತ್ರದ ಚಕ್ರದ ಬಳಿ ಅಡ್ಡಗೆರೆ ಎಳೆದದ್ದೇಕೆ?

ಮಾಡಿ ನೋಡಿರಿ
ಗಾಜಿನ ಲೋಟದಲ್ಲಿ ಸ್ವಲ್ಪ ಅಡುಗೆ ಎಣ್ಣೆ ಹಾಕಿರಿ. ಅದಕ್ಕೆ ನಾಲ್ಕು ಹನಿ ನೀರು ಬಿಡಿರಿ. ಬೆಳಕಿಗೆ ಹಿಡಿದು, ಹನಿಗಳು ಎಲ್ಲಿ ನಿಂತವು ಎಂದು ನೋಡಿ ಬರೆಯಿರಿ. ಪೆಟ್ರೋಲಿನಿಂದ ಮಾತ್ರ ಎಂದೂ ಮಾಡಬೇಡಿರಿ.