ಡಬ್ಬಿಯ ಮುಂದಿನ ಮಾತು, ಹಿಂದಿನ ಲೆಕ್ಕ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದು ಹಿರಿಯರ ಮಾತು. ಡಬ್ಬಿಯ ಮೇಲೆ ‘ಆರೋಗ್ಯ’ವೆಂದು ಬರೆದಿರುವುದೆಲ್ಲ ಆರೋಗ್ಯವಲ್ಲವೆಂಬುದನ್ನೂ ಈ ಕಾಲದಲ್ಲಿ ಅದರ ಜೊತೆಗೆ ಸೇರಿಸಿಕೊಳ್ಳಬೇಕಾಗಿದೆ. ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿಯೂ, 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಕೃಷ್ಣಗಿರಿಯ ಹೊಸೂರು, ಡೆಂಕಣಿಕೋಟೆ ಸೀಮೆಯಲ್ಲಿಯೂ ಇರುವ ಕನ್ನಡಿಗ ಒಕ್ಕಲು ಮಕ್ಕಳಿಗೆ ಇದು ಅಗತ್ಯವಾದ ಪಾಠ. ಏಕೆಂದರೆ ಬೀಜದ ಚೀಲವನ್ನೂ ಗೊಬ್ಬರದ ಮೂಟೆಯನ್ನೂ ನಾವು ತಿರುಗಿಸಿ ನೋಡಿ ಕೊಳ್ಳುತ್ತೇವೆ. ಮಕ್ಕಳಿಗೆ ಕುಡಿಸುವ ಡಬ್ಬಿಯನ್ನು ಮಾತ್ರ ಚಿತ್ರ ನೋಡಿ ಕೊಳ್ಳುತ್ತೇವೆ.

ಇದರಲ್ಲಿ ನಮ್ಮ ತಪ್ಪೊಂದೇ ಇಲ್ಲ. ಚೀಟಿಯ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಾಗಲಿ, ನಾಗರಿ ಲಿಪಿಯ ಹಿಂದಿಯಲ್ಲಾಗಲಿ ಇದ್ದರೆ ಕಾನೂನಿಗೆ ಸಾಕು. ಬೇರೆ ಭಾಷೆಯನ್ನು ಸೇರಿಸುವುದು ತಯಾರಕರ ಇಚ್ಛೆ. ಆದ್ದರಿಂದ ಕನ್ನಡ ಬಲ್ಲವರಿಗೂ ತಮಿಳು ಬಲ್ಲವರಿಗೂ ತಿಳಿಯುವುದು ಚಿತ್ರವೊಂದೇ. ಮುಂದಿನ ದೊಡ್ಡ ಅಕ್ಷರ ವ್ಯಾಪಾರಿಯ ಹೊಗಳಿಕೆ. ಹಿಂದಿನ ಸಣ್ಣ ಅಕ್ಷರ ಕಾನೂನು ಅವನಿಂದ ಬರೆಯಿಸಿದ ಲೆಕ್ಕ. ಈ ಭೇದವನ್ನು ತಿಳಿದರೆ ಅರ್ಧ ಪಾಠ ಮುಗಿದಂತೆ.

ನಿಜವಾದ ಓ.ಆರ್.ಎಸ್. ಎಂದರೇನು?

ಭೇದಿಯಾದಾಗ ದೇಹದಿಂದ ನೀರಿನೊಡನೆ ಉಪ್ಪೂ ಹೋಗುತ್ತದೆ. ಬರಿಯ ನೀರು ಕುಡಿಸಿದರೆ ಹೋದ ಉಪ್ಪು ಮರಳಿ ಬರುವುದಿಲ್ಲ. ಗ್ಲೂಕೋಸೂ ಉಪ್ಪೂ ಹದವಾಗಿ ಕೂಡಿದ್ದರೆ, ಗ್ಲೂಕೋಸು ಉಪ್ಪಿನ ಕೈಹಿಡಿದು ಕರುಳಿನ ಗೋಡೆಯನ್ನು ದಾಟಿಸುತ್ತದೆ, ಅವುಗಳ ಹಿಂದೆ ನೀರೂ ಒಳಗೆ ಹೋಗುತ್ತದೆ. ಓ.ಆರ್.ಎಸ್. ಎಂಬುದರ ಗುಟ್ಟು ಇಷ್ಟೇ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ ಗ್ಲೂಕೋಸು 13.5 ಗ್ರಾಂ, ಅಡಿಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಒಟ್ಟು 20.5 ಗ್ರಾಂ. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರವ ತೀರಿಹೋಗಲು, ಡಾ. ದಿಲೀಪ್ ಮಹಲನಬೀಸ್ ಅವರು ಇಂಥ ಉಪ್ಪು-ಗ್ಲೂಕೋಸಿನ ನೀರನ್ನೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಹೀಗೆ ಜೀವ ಉಳಿಸಿದ ಹೆಸರು ಅದು.

ಹೆಸರು ಎರವಲು, ಒಳಗೆ ಸಕ್ಕರೆ

ಇದೇ ಮೂರು ಅಕ್ಷರಗಳನ್ನು ತಮ್ಮ ವ್ಯಾಪಾರದ ಹೆಸರಿನಲ್ಲಿ ಸೇರಿಸಿಕೊಂಡು ಕೆಲವರು ಹಣ್ಣಿನ ಬಣ್ಣದ ಸಿಹಿ ಪಾನೀಯಗಳನ್ನು ಮಾರಿದರು. ಅವು ಔಷಧದಂಗಡಿಯಲ್ಲೇ ದೊರೆತದ್ದರಿಂದ ತಾಯಂದಿರು ಮದ್ದೆಂದೇ ನಂಬಿದರು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2022ರಲ್ಲಿ, ‘ಇದು ವಿಶ್ವ ಆರೋಗ್ಯ ಸಂಸ್ಥೆಯ ಓ.ಆರ್.ಎಸ್. ಅಲ್ಲ’ ಎಂಬ ಸೂಚನೆಯೊಡನೆ ಅಂಥ ಹೆಸರಿಗೆ ಅನುಮತಿ ಕೊಟ್ಟಿತ್ತು. ಓದು ಬಾರದ ತಾಯಿಗೆ ಆ ಸೂಚನೆಯಿಂದ ಆದ ಉಪಕಾರವೇನು? ಕಡೆಗೆ 2025ರ ಅಕ್ಟೋಬರ್ 14ರಂದು ಪ್ರಾಧಿಕಾರವು ಆ ಅನುಮತಿಯನ್ನೇ ಹಿಂದಕ್ಕೆ ಪಡೆಯಿತು. ಒಂದು ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಅದೇ ತಿಂಗಳ ಕೊನೆಯಲ್ಲಿ ನ್ಯಾಯಾಲಯವು ಆದೇಶದಲ್ಲಿ ಕೈಹಾಕಲು ಒಪ್ಪಲಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ಒಂದು ಸಿಹಿ ಪಾನೀಯದ ಚೀಟಿಯಲ್ಲಿ 100 ಮಿ.ಲೀ.ಗೆ ಸಕ್ಕರೆ 11 ಗ್ರಾಂ ಎಂದಿದೆಯೆನ್ನಿ. 200 ಮಿ.ಲೀ. ಡಬ್ಬಿಯಲ್ಲಿ 22 ಗ್ರಾಂ. ಮಟ್ಟ ಮಾಡಿದ ಚಹಾ ಚಮಚಕ್ಕೆ ಸುಮಾರು 4 ಗ್ರಾಂ ಹಿಡಿದರೆ ಐದೂವರೆ ಚಮಚ. ಲೀಟರಿಗೆ 110 ಗ್ರಾಂ; ಅಂದರೆ ಓ.ಆರ್.ಎಸ್.ನಲ್ಲಿರುವ ಗ್ಲೂಕೋಸಿನ ಎಂಟು ಪಟ್ಟು ತೂಕ. ಉಪ್ಪಿನಕಾಯಿಯ ಉಪ್ಪು ಮಾವಿನ ಹೋಳಿನಿಂದ ನೀರು ಬಿಡಿಸುವುದಿಲ್ಲವೆ? ಹಾಗೆಯೇ ಅತಿಯಾದ ಸಕ್ಕರೆಯು ದೇಹದ ನೀರನ್ನು ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ನಿಲ್ಲಿಸಲೆಂದು ಕೊಟ್ಟದ್ದೇ ಹೆಚ್ಚಿಸಿದಂತಾಯಿತು.

ಇನ್ನು ಕೆಲವು ಹೊಗಳಿಕೆಗಳು

‘ಆರೋಗ್ಯ ಪಾನೀಯ’: ನಮ್ಮ ಆಹಾರ ಕಾನೂನಿನಲ್ಲಿ ಈ ಹೆಸರಿಗೆ ವ್ಯಾಖ್ಯೆಯೇ ಇಲ್ಲ. 2024ರ ಏಪ್ರಿಲಿನಲ್ಲಿ ಕೇಂದ್ರ ಸರಕಾರವು ಬೋರ್ನ್‌ವಿಟಾ ಸಹಿತ ಇಂಥ ಪಾನೀಯಗಳನ್ನು ಆ ಹೆಸರಿನ ಗುಂಪಿನಿಂದ ತೆಗೆಯುವಂತೆ ಆನ್‌ಲೈನ್ ಅಂಗಡಿಗಳಿಗೆ ತಿಳಿಸಿತು. ನಮ್ಮ ಹೊಲದ ರಾಗಿಯ 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವುಂಟು. ಅದಕ್ಕೆ ಯಾರೂ ಜಾಹೀರಾತು ಕೊಡುವುದಿಲ್ಲ.

‘ನೂರಕ್ಕೆ ನೂರು ಹಣ್ಣಿನ ರಸ’: ಗಟ್ಟಿ ಮಾಡಿದ ರಸಕ್ಕೆ ಮತ್ತೆ ನೀರು ಬೆರೆಸಿ ಮಾರುವಾಗ ಹೀಗೆ ಬರೆಯಬಾರದೆಂದು 2024ರ ಜೂನಿನಲ್ಲಿ ಪ್ರಾಧಿಕಾರವು ಆಜ್ಞೆ ಮಾಡಿತು.

ಮಾವಿನ ಚಿತ್ರ: ಇದು ಮಾವಿನ ಬೆಳೆಗಾರರಿಗೆ ವಿಶೇಷವಾಗಿ ಸೇರಿದ ಮಾತು. ಕುಡಿಯಲು ಸಿದ್ಧವಾದ ಹಣ್ಣಿನ ಪಾನೀಯದಲ್ಲಿ ರಸ ನೂರಕ್ಕೆ 10 ಭಾಗವಿದ್ದರೆ ಕಾನೂನಿಗೆ ಸಾಕು, ನಿಂಬೆಗೆ 5. ಕೃಷ್ಣಗಿರಿಯ ತೋತಾಪುರಿ ತಿರುಳಿನ ಕಾರ್ಖಾನೆಗೆ ಹೋಗುತ್ತದೆ. 2025ರ ಬೇಸಗೆಯಲ್ಲಿ ಅದರ ಬೆಲೆ ಕುಸಿದು ರೈತರು ಬೀದಿಗಿಳಿದರು. ಹಣ್ಣನ್ನು ಅಗ್ಗಕ್ಕೆ ಕೊಟ್ಟು, ಅದರ ಹತ್ತನೆಯ ಪಾಲು ಇರಬಹುದಾದ ಸಕ್ಕರೆ ನೀರನ್ನು ದುಬಾರಿಗೆ ಕೊಳ್ಳುವುದು ಯಾವ ಬೇಸಾಯಗಾರನ ಜಾಣತನ?

ಚೀಟಿ ಓದುವ ಕ್ರಮ

1. ಡಬ್ಬಿಯನ್ನು ತಿರುಗಿಸಿ ಹಿಂದಿನ ಭಾಗ ನೋಡಿರಿ. ಇಂಗ್ಲಿಷು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ.

2. ಬೆರಕೆಯ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ನೀರಿನ ಬಳಿಕ ಸಕ್ಕರೆ ಬಂದರೆ ಅದು ಸಕ್ಕರೆ ನೀರು.

3. ಲಿಕ್ವಿಡ್ ಗ್ಲೂಕೋಸ್, ಫ್ರಕ್ಟೋಸ್ ಎಂಬವೂ ಸಕ್ಕರೆಯ ನೆಂಟರೇ.

4. ಸಕ್ಕರೆಯ ಅಂಕಿ 100 ಮಿ.ಲೀ.ಗೋ, ಇಡೀ ಡಬ್ಬಿಗೋ ಎಂಬುದನ್ನು ನೋಡಿ ಗುಣಿಸಿರಿ.

5. ಹದಿನಾಲ್ಕು ಅಂಕೆಯ ಪರವಾನಗಿ ಸಂಖ್ಯೆಯೂ ತಾರೀಕೂ ಇಲ್ಲದ ಡಬ್ಬಿಯನ್ನು ಕೊಳ್ಳಬೇಡಿರಿ.

ಭೇದಿಯಾದಾಗ ಮಾಡತಕ್ಕದ್ದು

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಓ.ಆರ್.ಎಸ್. ಪೊಟ್ಟಣ ಧರ್ಮಾರ್ಥವಾಗಿ ದೊರೆಯುತ್ತದೆ. ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಹಾಕಬೇಕು. ಅರ್ಧ ಮಾಡಬಾರದು, ಹಾಲಿಗೂ ಚಹಾಕ್ಕೂ ಬೆರೆಸಬಾರದು. 24 ಗಂಟೆ ಕಳೆದ ಮೇಲೆ ಉಳಿದುದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಗುಟುಕು ಗುಟುಕಾಗಿ ಕೊಡತಕ್ಕದ್ದು. ಎದೆಹಾಲನ್ನು ನಿಲ್ಲಿಸಬಾರದು. ಸತುವಿನ ಮಾತ್ರೆಯನ್ನು ಆರೋಗ್ಯ ಕೇಂದ್ರದವರು ಹೇಳಿದಂತೆ 14 ದಿನ ಕೊಡಬೇಕು.

ಪೊಟ್ಟಣ ಕೈಗೆ ಬರುವ ತನಕ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟ ಮಾಡಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಮನೆಯ ಸಕ್ಕರೆ ಒಡೆದಾಗ ಅರ್ಧ ಪಾಲು ಮಾತ್ರ ಗ್ಲೂಕೋಸಾಗುವುದರಿಂದ ತೂಕ ತುಸು ಹೆಚ್ಚಿರುತ್ತದೆ. ಉಪ್ಪು ಹಾಕಿದ ಗಂಜಿಯನ್ನೂ ಮಜ್ಜಿಗೆಯನ್ನೂ ಕೊಡಬಹುದು. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾಗಿ ಕುಡಿಯಲಾರದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಒಂದು ಗಳಿಗೆಯೂ ತಡೆಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಸುಳ್ಳು ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾನೂನಿನಲ್ಲಿ 10 ಲಕ್ಷ ರೂಪಾಯಿಯವರೆಗೆ ದಂಡವುಂಟು. ಅನುಮಾನದ ಡಬ್ಬಿಯನ್ನೂ ರಸೀದಿಯನ್ನೂ ಎಸೆಯದೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತೋರಿಸಬಹುದು; ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಹೇಳಬಹುದು.

ಮನೆಯಲ್ಲಿ ಮಾಡತಕ್ಕ ಅಭ್ಯಾಸ

(1) ಹತ್ತಿರದ ಅಂಗಡಿಯ ಯಾವುದಾದರೂ ಸಿಹಿ ಪಾನೀಯದ ಡಬ್ಬಿಯಲ್ಲಿ ಎಷ್ಟು ಚಮಚ ಸಕ್ಕರೆಯಿದೆ? ಅಷ್ಟನ್ನು ಅಳೆದು ತಟ್ಟೆಯಲ್ಲಿ ಹಾಕಿ ಮನೆಯವರಿಗೆಲ್ಲ ತೋರಿಸಿರಿ. (2) ಅದೇ ಹಣಕ್ಕೆ ಎಷ್ಟು ರಾಗಿ, ಎಷ್ಟು ಮಜ್ಜಿಗೆ ಬರುತ್ತದೆ? (3) ಓ.ಆರ್.ಎಸ್. ಪೊಟ್ಟಣವೊಂದನ್ನು ತಂದು, ಮಕ್ಕಳ ಕೈಗೆ ಸಿಗದಂತೆ, ಮನೆಯವರೆಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಟ್ಟಿದ್ದೀರಾ?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಈ ವಾರದ ಸಂತೆಯ ದಿನದೊಳಗೆ ಕೊಡುವಂತಾಗಲಿ.