ತುಕ್ಕು ಹಿಡಿದ ಉಳಿಗೆ ಮತ್ತೆ ಕೆಲಸ

ಅಪ್ಪ ಜೋಪಾನ ಮಾಡಿದ್ದ ಬಡಗಿ ಸಾಮಾನು ನಮ್ಮ ಹಿತ್ತಲ ಕೋಣೆಯಲ್ಲಿ ಹಳೇ ಬಕೆಟ್ಟು, ಪೇಂಟ್ ಡಬ್ಬಿಗಳ ಅಡಿ ಎಷ್ಟೋ ಮಳೆಗಾಲ ಕಳೆಯಿತು. ‘ಕೋಣೆಯನ್ನೆಲ್ಲ ಚೊಕ್ಕ ಮಾಡಿ ಆಮೇಲೆ ಶುರುಮಾಡೋಣ’ ಎಂದು ಕಾದದ್ದೇ ನನ್ನ ತಪ್ಪು. ಒಂದು ಉಳಿಯಿಂದ ಶುರುಮಾಡಿ. ಶನಿವಾರ ರಾತ್ರಿ ಕೈಹಾಕಿದರೆ ಭಾನುವಾರ ಮುಗಿಯುತ್ತದೆ.

ಬೇಕಾಗುವುದು: ಅರ್ಧ ಇಂಚಿನ ಉಳಿ, ಗರಗಸ, ಮೂಲೆಮಟ್ಟ, ಕೊಡತಿ, ಒರಟು–ನಯ ಎರಡು ಬದಿಯ ಸಾಣೆಕಲ್ಲು, ಬಿಳಿ ವಿನೆಗರ್, ಅಡುಗೆ ಸೋಡಾ, ಪಾತ್ರೆ ತಿಕ್ಕುವ ನಾರು, ಹೊಲಿಗೆ ಯಂತ್ರದ ಎಣ್ಣೆ, ಒಂದು ಹಲಗೆ.

ಹಂತ 1: ಮೇಜಿನಷ್ಟು ಜಾಗ ಬಿಡಿಸಿ. ಮೇಲಿದ್ದದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿ ಬದಿಗಿಡಿ. ವಿಂಗಡಿಸಲು ಕೂತಿರೋ, ದಿನ ಹೋಯಿತು.

ಹಂತ 2: ಉಳಿಯ ಬೆನ್ನು, ಅಂದರೆ ಇಳಿಜಾರಿಲ್ಲದ ಚಪ್ಪಟೆ ಮುಖ, ನೋಡಿ. ಮೇಲ್ಮೈ ತುಕ್ಕಿಗೆ ಹೆದರಬೇಡಿ. ಬಾಯಿಯ ಹತ್ತಿರ ಆಳವಾದ ಗುಳಿ ಬಿದ್ದಿದ್ದರೆ ಮಾತ್ರ ಬೇರೆ ಉಳಿ ಹುಡುಕಿ.

ಹಂತ 3: ತುಕ್ಕು ಬಿಡಿಸಿ. ಉದ್ದ ಲೋಟಕ್ಕೆ ವಿನೆಗರ್ ಹಾಕಿ, ಉಕ್ಕಿನ ಭಾಗವಷ್ಟೇ ಮುಳುಗುವಂತೆ ರಾತ್ರಿ ನಿಲ್ಲಿಸಿ. ಮರದ ಹಿಡಿ ನೆನೆಯಕೂಡದು. ಬೆಳಿಗ್ಗೆ ನಾರಿನಿಂದ ತಿಕ್ಕಿ, ಸೋಡಾ ಕದಡಿದ ನೀರಲ್ಲಿ ತೊಳೆದು ತಕ್ಷಣ ಒರೆಸಿ. ಒದ್ದೆ ಬಿಟ್ಟರೆ ಕಣ್ಣೆದುರೇ ಮತ್ತೆ ತುಕ್ಕು ಹಿಡಿಯುತ್ತದೆ.

ಹಂತ 4: ಬೆನ್ನು ಮಟ್ಟ ಮಾಡಿ. ಹೊಸಬರು ಬಿಟ್ಟುಬಿಡುವುದು ಇದನ್ನೇ. ಎಣ್ಣೆಕಲ್ಲಿಗೆ ಎಣ್ಣೆ, ನೀರುಕಲ್ಲಿಗೆ ನೀರು ಹಾಕಿ, ಬೆನ್ನನ್ನು ಪೂರ್ತಿ ಒತ್ತಿಹಿಡಿದು ಉಜ್ಜಿ. ಬಾಯಿಯ ಹತ್ತಿರದ ಒಂದು ಇಂಚು ಒಂದೇ ಸಮ ಹೊಳೆದರೆ ಸಾಕು.

ಹಂತ 5: ಸಾಣೆ ಹಿಡಿಯಿರಿ. ಇಳಿಜಾರು ಮುಖದ ಉದ್ದ ಅಲಗಿನ ದಪ್ಪದ ಎರಡರಷ್ಟಿದ್ದರೆ ಕೋನ 30 ಡಿಗ್ರಿ. ತೇಗದಂಥ ಮರಕ್ಕೆ ಸರಿಯಾದದ್ದು. ಆ ಕೋನ ಬಿಡದೆ ಒರಟು ಬದಿಯಲ್ಲಿ ಉಜ್ಜಿ. ಬೆನ್ನಿನ ಮೇಲೆ ಬೆರಳನ್ನು ಬಾಯಿಯ ಆಚೆಗೆ ಸರಿಸಿದಾಗ ಕೂದಲೆಳೆಯಷ್ಟು ತೊಡರಿದರೆ ಅಂಚು ಮೂಡಿದೆ ಎಂದರ್ಥ. ಬಾಯಿಯ ಉದ್ದಕ್ಕೆ ಬೆರಳೆಳೆದರೆ ಕೊಯ್ಯುತ್ತದೆ, ಜೋಕೆ. ಆಮೇಲೆ ನಯ ಬದಿಯಲ್ಲಿ ಎರಡೂ ಮುಖ ಉಜ್ಜಿ ಆ ತೊಡರು ತೆಗೆಯಿರಿ.

ಹಂತ 6: ಮೂಲೆಮಟ್ಟ ನಂಬುವ ಮುನ್ನ ಪರೀಕ್ಷಿಸಿ. ನೇರ ಅಂಚಿಗೆ ಆನಿಸಿ ಗೆರೆ ಎಳೆಯಿರಿ. ಮಗುಚಿ ಅಲ್ಲಿಂದಲೇ ಇನ್ನೊಂದು ಎಳೆಯಿರಿ. ಎರಡೂ ಒಂದಾದರೆ ಮಟ್ಟ ಸರಿ. ಬಾಯಿ ಬಿಟ್ಟರೆ, ತಪ್ಪು ಆ ಅಂತರದ ಅರ್ಧ.

ಹಂತ 7: ಉಳಿಗೆ ಮನೆ ಮಾಡಿ. ಹಲಗೆಯ ಅಂಚಿನಲ್ಲಿ, ಉಳಿಯ ಅಲಗಿಗಿಂತ ತುಸು ಅಗಲ, ಹಿಡಿಗಿಂತ ಕಿರಿದಾದ ಎರಡು ಕಚ್ಚು ಮೂಲೆಮಟ್ಟ ಇಟ್ಟು ಗುರುತಿಸಿ. ಹಲಗೆಯನ್ನು ಮೇಜಿಗೆ ಬಿಗಿದು, ಗೆರೆಯ ಒಳಬದಿಗೆ ಗರಗಸ ಹಾಕಿ, ನಡುವಿನ ಮರವನ್ನು ಉಳಿಯಿಂದ ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ ಬಿಡಿಸಿ. ಒಂದೇ ಕಡೆಯಿಂದ ಹೊಡೆದರೆ ಅಡಿಭಾಗ ಸಿಬಿರೇಳುತ್ತದೆ. ಕೈ ಎಂದೂ ಉಳಿಯ ಮುಂದೆ ಬರಬಾರದು.

ಹಂತ 8: ಎಣ್ಣೆ ಸವರಿ ತೂಗುಹಾಕಿ. ಕಚ್ಚಿನ ಅಂಚು ಹೊರಚಾಚುವಂತೆ ಹಲಗೆಯನ್ನು ಗೋಡೆಗೆ ಬಿಗಿಯಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆಬಟ್ಟೆಯಿಂದ ಒರೆಸಿ.

ನನ್ನ ಹಲಗೆಯ ಎರಡನೇ ಕಚ್ಚು ಒಂದು ವಾರ ಖಾಲಿಯಿತ್ತು. ಅದನ್ನು ತುಂಬಲೆಂದೇ ಮುಂದಿನ ಭಾನುವಾರ ಪೇಂಟ್ ಡಬ್ಬಿಗಳನ್ನು ಸರಿಸಿದೆ.