ಆರ್ಕಿಡ್ ಎಲೆಗೆ ಮನೆಮದ್ದು: ಮೊದಲು ಎಲೆ ತಿರುಗಿಸಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆರ್ಕಿಡ್ ಬಗ್ಗೆಯೇ ಇವೆ. ಕಿಟಕಿ ಬಳಿಯ ಫೆಲನಾಪ್ಸಿಸ್, ಬಾಲ್ಕನಿಯ ಡೆಂಡ್ರೋಬಿಯಂ, ಜಗುಲಿಯಲ್ಲಿ ತೂಗುವ ವಾಂಡಾ ಎಲ್ಲದಕ್ಕೂ ಏನೋ ಒಂದು ತೊಂದರೆ. ಬರೆದವರೆಲ್ಲರ ಕೋರಿಕೆಯೂ ಒಂದೇ: ಅಂಗಡಿಯ ವಿಷ ಬೇಡ, ಮನೆಯಲ್ಲಿ ಸಿಗುವುದರಲ್ಲೇ ಪರಿಹಾರ ಹೇಳಿ. ಖಂಡಿತ ಹೇಳುತ್ತೇನೆ. ಆದರೆ ಎಲೆಯ ಮೇಲಿನ ಕಲೆಗೆಲ್ಲ ಹುಳುವೇ ಕಾರಣವಲ್ಲ. ನೀರು, ಬಿಸಿಲು, ಗಾಳಿಯಿಲ್ಲದ ಮೂಲೆ ಇವುಗಳಿಂದಲೂ ಎಲೆ ಕೆಡುತ್ತದೆ. ಏನೆಂದು ಗುರುತಿಸದೆ ಹೊಡೆದ ಮನೆಮದ್ದು ಗಿಡಕ್ಕೆ ಇನ್ನೊಂದು ಕಾಯಿಲೆಯಾಗಿಬಿಡುತ್ತದೆ. ಓದುಗರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ನಮ್ಮ ಡೆಂಡ್ರೋಬಿಯಂ ಗಿಣ್ಣುಗಳಲ್ಲಿ ಹತ್ತಿಯಂಥ ಬಿಳಿ ಅಂಟು ಕೂತಿದೆ. ಇರುವೆಗಳು ಸಾಲುಗಟ್ಟಿ ಹತ್ತುತ್ತಿವೆ. ನಮ್ಮ ಕಡೆ ಹೊಗೆಸೊಪ್ಪು ಧಾರಾಳ. ಕಷಾಯ ಮಾಡಿ ಹೊಡೆಯಬಹುದೇ? (ಹುಣಸೂರು)

ಅದು ಹಿಟ್ಟು ತಿಗಣೆ. ಇರುವೆ ಬಂದದ್ದೇ ಅದಕ್ಕೆ ಸಾಕ್ಷಿ. ತಿಗಣೆ ಗಿಡದ ರಸ ಹೀರಿ ಸಿಹಿಯಾದ ಅಂಟನ್ನು ಹೊರಹಾಕುತ್ತದೆ. ಇರುವೆಗೆ ಅದೇ ಊಟ. ಅದಕ್ಕಾಗಿ ಇರುವೆ ತಿಗಣೆಯನ್ನು ಶತ್ರುಗಳಿಂದ ಕಾಯುತ್ತದೆ, ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತೂ ಒಯ್ಯುತ್ತದೆ. ಅದೇ ಅಂಟಿನ ಮೇಲೆ ಮುಂದೆ ಕಪ್ಪು ಬೂಷ್ಟು ಬೆಳೆಯುತ್ತದೆ. ಆದ್ದರಿಂದ ಮೊದಲ ಕೆಲಸ ಇರುವೆಯ ದಾರಿ ಮುಚ್ಚುವುದು. ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಕಲ್ಲಿಟ್ಟು ಅದರ ಮೇಲೆ ಕೂರಿಸಿ. ತೂಗುಹಾಕಿದ್ದರೆ ತಂತಿಗೆ ವ್ಯಾಸಲೀನ್ ಸವರಿ.

ಹೊಗೆಸೊಪ್ಪಿನ ಕಷಾಯ ಖಂಡಿತ ಬೇಡ. ಅದರಲ್ಲಿರುವ ನಿಕೋಟಿನ್ ಹುಳುವಿಗೆ ವಿಷವಾದಷ್ಟೇ ನಮಗೂ ವಿಷ, ಚರ್ಮದ ಮೂಲಕವೂ ದೇಹಕ್ಕೆ ಇಳಿಯುತ್ತದೆ. ಮಕ್ಕಳು ಓಡಾಡುವ ಮನೆಯೊಳಗೆ ಅದನ್ನು ಸಿಂಪಡಿಸುವುದು, ಬಾಟಲಿಯಲ್ಲಿ ತುಂಬಿಡುವುದು ಎರಡೂ ತಪ್ಪು. ಮನೆಯಲ್ಲೇ ತಯಾರಿಸಿದ ಮಾತ್ರಕ್ಕೆ ಯಾವುದೂ ನಿರಪಾಯಕಾರಿ ಆಗುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಗಿಡವನ್ನು ಬೇರೆ ಗಿಡಗಳಿಂದ ದೂರ ಒಯ್ಯಿರಿ. ಡೆಂಡ್ರೋಬಿಯಂ ಕಾಂಡಕ್ಕೆ ಒಣಗಿದ ಕಾಗದದಂಥ ಪೊರೆ ಸುತ್ತಿಕೊಂಡಿರುತ್ತದಲ್ಲ, ತಿಗಣೆಯ ಅಡಗುತಾಣ ಅದೇ. ಒಣಗಿದ ಪೊರೆಯನ್ನು ಮೆಲ್ಲಗೆ ಸುಲಿದು ತೆಗೆಯಿರಿ. ಔಷಧಿ ಅಂಗಡಿಯಲ್ಲಿ ಸಿಗುವ ಶೇ 70ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿಕಡ್ಡಿ ಅದ್ದಿ ಒಂದೊಂದು ತಿಗಣೆಯನ್ನೂ ಒರೆಸಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಇದಕ್ಕೆ ಬದಲಿಯಲ್ಲ. ಅದರಲ್ಲಿ ಗ್ಲಿಸರಿನ್, ಸುಗಂಧ ಎಲ್ಲ ಇರುತ್ತವೆ. ಈ ಕೆಲಸ ನೆರಳಿನಲ್ಲಿ, ಒಲೆಯಿಂದ ದೂರದಲ್ಲಿ ನಡೆಯಲಿ. ಮೊಗ್ಗಿಗೆ, ಎಳೆಯ ಚಿಗುರಿಗೆ ತಾಗಿಸಬೇಡಿ.

ಒರೆಸಿದ ಮೇಲೆ ಬೇವಿನ ಎಣ್ಣೆ. ಒಂದು ಲೀಟರ್ ನೀರಿಗೆ 5 ಮಿ.ಲೀ. ಸಾಕು. ಎಣ್ಣೆ ನೀರಿನೊಂದಿಗೆ ಬೆರೆಯಲು ಅಂಟುವಾಳ ಬೇಕು: ನಾಲ್ಕೈದು ಕಾಯಿಯ ಸಿಪ್ಪೆಯನ್ನು ರಾತ್ರಿ ಒಂದು ಲೋಟ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ. ಆ ನೊರೆನೀರಿಗೆ ಎಣ್ಣೆ ಹಾಕಿ ಚೆನ್ನಾಗಿ ಕುಲುಕಿ, ಆಮೇಲೆ ಉಗುರುಬೆಚ್ಚಗಿನ ನೀರು ಸೇರಿಸಿ ಲೀಟರ್ ಮಾಡಿ. ಅಂಟುವಾಳ ಸಿಗದಿದ್ದರೆ ಸೌಮ್ಯವಾದ ದ್ರವ ಸೋಪು ಒಂದೆರಡು ಮಿ.ಲೀ. ಆದೀತು, ಬಟ್ಟೆ ಒಗೆಯುವ ಪುಡಿ ಮಾತ್ರ ಬೇಡ. ಬಿಸಿಲು ಇಳಿದ ಮೇಲೆ ಸಿಂಪಡಿಸಿ, ಕಲಸಿದ್ದನ್ನು ಅಂದೇ ಮುಗಿಸಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೆಳೆಗಾರರಿಗಾಗಿ ಬೇವಿನ ಸೋಪು, ಹೊಂಗೆ ಸೋಪುಗಳನ್ನು ರೂಪಿಸಿದೆ. ಅವು ಸಿಕ್ಕರೆ ಕಲಸುವ ಕಷ್ಟವೇ ಇಲ್ಲ. ಆದರೆ ಅವುಗಳ ಪ್ರಮಾಣ ತರಕಾರಿ, ಹಣ್ಣಿನ ಬೆಳೆಗಳನ್ನು ನೋಡಿ ಹೇಳಿದ್ದು. ಆರ್ಕಿಡ್‌ಗೆ ಅದರ ಅರ್ಧದಿಂದ ಶುರುಮಾಡಿ, ಒಂದು ಎಲೆಗೆ ಹಚ್ಚಿ ಎರಡು ದಿನ ಕಾದು ನೋಡಿ.

ಒಂದು ಸಲ ಮಾಡಿ ಬಿಟ್ಟರೆ ಇದೆಲ್ಲ ವ್ಯರ್ಥ. ಆ ಹತ್ತಿಯಂಥ ಗೂಡಿನೊಳಗೆ ನೂರಾರು ಮೊಟ್ಟೆಗಳಿರುತ್ತವೆ, ಮೊಟ್ಟೆಗೆ ಈ ಯಾವ ಮದ್ದೂ ಸರಿಯಾಗಿ ತಟ್ಟುವುದಿಲ್ಲ. ಮರಿ ಹೊರಬಂದಾಗ ಸಿಕ್ಕಬೇಕು. ಆದ್ದರಿಂದ ವಾರಕ್ಕೊಮ್ಮೆ, ಕನಿಷ್ಠ ನಾಲ್ಕು ವಾರ. ಆಮೇಲೂ ಮರಳಿ ಬಂದರೆ ಕುಂಡದಿಂದ ಗಿಡ ತೆಗೆದು ಬೇರು ನೋಡಿ. ತಿಗಣೆ ಅಲ್ಲೂ ಇರುತ್ತದೆ.

ನನ್ನ ಗಿಡದ ಮೇಲೂ ಬಿಳಿ ಪುಡಿಯಿದೆ, ಆದರೆ ಇರುವೆ ಇಲ್ಲ. ಎಲೆಯ ಬುಡದಲ್ಲಿ ಸಣ್ಣ ಕಂದು ಚಿಪ್ಪುಗಳೂ ಅಂಟಿಕೊಂಡಿವೆ. (ಚಿಕ್ಕಮಗಳೂರು)

ಇದು ಶಲ್ಕ ಕೀಟ, ಅಂದರೆ ಚಿಪ್ಪು ಹೊದ್ದ ಹುಳು. ಕಂದು ಚಿಪ್ಪಿನಡಿ ಹೆಣ್ಣು ಕೂತಿರುತ್ತದೆ. ಬಿಳಿ ನಾರಿನ ಗುಂಪು ಗಂಡು ಮರಿಗಳದ್ದು, ಅದನ್ನೇ ಜನ ಹಿಟ್ಟು ತಿಗಣೆ ಅಂದುಕೊಳ್ಳುತ್ತಾರೆ. ಈ ಜಾತಿಯ ಗಟ್ಟಿ ಚಿಪ್ಪಿನ ಕೀಟ ಸಿಹಿ ಅಂಟು ಸುರಿಸುವುದಿಲ್ಲ, ಇರುವೆ ಬಾರದಿರಲು ಅದೇ ಕಾರಣ. ಬರೀ ಸಿಂಪಡಿಸಿದರೆ ಚಿಪ್ಪೇ ಅದಕ್ಕೆ ಕೊಡೆ. ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷನ್ನು ಸೋಪಿನ ನೀರಿನಲ್ಲಿ ಅದ್ದಿ ಚಿಪ್ಪನ್ನು ಉಜ್ಜಿ ಎಬ್ಬಿಸಿ. ಉಳಿದದ್ದು ಹುಣಸೂರಿನವರಿಗೆ ಹೇಳಿದಂತೆಯೇ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಫೆಲನಾಪ್ಸಿಸ್ ಇಟ್ಟಿದ್ದೇನೆ. ಎಲೆಯ ತುದಿ ಕಂದಾಗಿ ಒಣಗುತ್ತಿದೆ, ಬೇರಿನ ಮೇಲೆ ಬಿಳಿ ಪದರ. ಫಂಗಸ್ ಇರಬಹುದೆಂದು ಅರಿಸಿನದ ನೀರು ಹಾಕಿದೆ, ಕಡಿಮೆಯಾಗಲಿಲ್ಲ. ನೀರು ಪೋಲಾಗದಿರಲೆಂದು ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನೇ ಹಾಕುತ್ತೇನೆ. ಅಕ್ಕಿ ತೊಳೆದ ನೀರೂ ಕೊಡುತ್ತೇನೆ, ಎಲೆ ಹೊಳೆಯಲೆಂದು ಬಾಳೆಹಣ್ಣಿನ ಸಿಪ್ಪೆ ಉಜ್ಜುತ್ತೇನೆ. (ಬೆಂಗಳೂರು)

ನೀರು ಉಳಿಸಬೇಕೆಂಬ ನಿಮ್ಮ ಮನಸ್ಸು ದೊಡ್ಡದು. ಆದರೆ ಆ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಬೋರ್‌ವೆಲ್ ನೀರಿನಲ್ಲಿರುವ ಲವಣವನ್ನು ಯಂತ್ರ ಬೇರ್ಪಡಿಸಿ ಆಚೆ ತಳ್ಳುವುದು ಆ ನೀರಿನಲ್ಲೇ. ಅಂದರೆ ನಿಮ್ಮ ಆರ್ಕಿಡ್‌ಗೆ ಮೂಲ ನೀರಿಗಿಂತಲೂ ಹೆಚ್ಚು ಉಪ್ಪು ಸೇರುತ್ತಿದೆ. ಆರ್ಕಿಡ್ ಬೇರಿಗೆ ಸ್ಪಂಜಿನಂಥ ಬಿಳಿ ಹೊದಿಕೆಯಿದೆ. ಮರದ ಮೇಲೆ ಬೆಳೆಯುವ ಗಿಡ ಮಳೆಹನಿಯನ್ನು ಹಿಡಿದುಕೊಳ್ಳುವುದು ಅದರಿಂದಲೇ. ಉಪ್ಪುನೀರು ಬಿದ್ದರೆ ಅದು ಉಪ್ಪನ್ನೂ ಹಿಡಿದಿಡುತ್ತದೆ. ಬೇರಿನ ತುದಿ ಸುಡುತ್ತದೆ, ಆಮೇಲೆ ಎಲೆಯ ತುದಿ. ನೀವು ಕಂಡ ಬಿಳಿ ಪದರ ಬಹುಪಾಲು ಅದೇ ಉಪ್ಪು. ಇದು ಫಂಗಸ್ ಅಲ್ಲ, ಅರಿಸಿನದಿಂದ ಹೋಗದು.

ಮಳೆನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಇಲ್ಲವಾದರೆ ಆರ್‌ಓ ಯಂತ್ರದ ಕುಡಿಯುವ ನೀರು ಕೊಡಿ, ತಿಂಗಳಿಗೆರಡು ಸಲ ತೀರಾ ತೆಳುವಾದ ಗೊಬ್ಬರ ಸೇರಿಸಿ. ತಿಂಗಳಿಗೊಮ್ಮೆ ಬರೀ ಒಳ್ಳೆಯ ನೀರನ್ನು ಕುಂಡದ ಮೂಲಕ ಧಾರಾಳವಾಗಿ ಹರಿಯಬಿಟ್ಟು ಸೇರಿದ ಉಪ್ಪನ್ನು ತೊಳೆಯಿರಿ. ಅಕ್ಕಿ ತೊಳೆದ ನೀರು ಕರಿಬೇವಿಗೆ ಹಿಡಿಸೀತು. ಆರ್ಕಿಡ್ ಕುಂಡದಲ್ಲಿ ಅದು ಹುಳಿತು ಸಣ್ಣ ನೊಣಗಳನ್ನು ಕರೆಯುತ್ತದೆ. ಬಾಳೆಸಿಪ್ಪೆ ಎಲೆಯ ಮೇಲೆ ಸಕ್ಕರೆ ಬಿಡುತ್ತದೆ, ಅದೂ ಬೇಡ. ಎಲೆಯ ಮೇಲಿನ ನೀರಿನ ಬಿಳಿ ಕಲೆ ತೆಗೆಯಲು ಒಂದು ಲೋಟ ನೀರಿಗೆ ನಾಲ್ಕು ಹನಿ ನಿಂಬೆರಸ ಹಾಕಿ ಬಟ್ಟೆ ಅದ್ದಿ ಒರೆಸಿ, ಮತ್ತೆ ಬರೀ ನೀರಿನಲ್ಲಿ ಒರೆಸಿ. ಹೊಳಪಿಗೆ ಅಷ್ಟು ಸಾಕು. ಫೆಲನಾಪ್ಸಿಸ್‌ನ ನಡುವಿನ ಸುಳಿಯಲ್ಲಿ ನೀರು ನಿಂತರೆ ಟಿಶ್ಯೂ ಕಾಗದದಿಂದ ಹೀರಿ ತೆಗೆಯಿರಿ. ಸುಳಿ ಕೊಳೆತರೆ ಆ ಗಿಡ ಸಾಮಾನ್ಯವಾಗಿ ಉಳಿಯುವುದಿಲ್ಲ.

ಏಪ್ರಿಲ್ ಬಂತೆಂದರೆ ಡೆಂಡ್ರೋಬಿಯಂ ಎಲೆಯ ಅಡಿ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ಹುಳು ಮಾತ್ರ ಕಾಣುವುದಿಲ್ಲ. (ಹುಬ್ಬಳ್ಳಿ)

ಬಿಳಿ ಟಿಶ್ಯೂ ಕಾಗದದಿಂದ ಎಲೆಯ ಅಡಿಯನ್ನು ಒತ್ತಿ ಒರೆಸಿ. ಕೆಂಪು ಇಲ್ಲವೇ ಕಂದು ಗೀರು ಮೂಡಿದರೆ ಅದು ನುಸಿ. ಕಣ್ಣಿಗೆ ಕಾಣುವುದೇ ಕಷ್ಟ. ಜೇಡರ ನುಸಿಯಾದರೆ ಸಣ್ಣ ಬಲೆಯಿರುತ್ತದೆ. ಬಲೆ ಕಟ್ಟದ ಚಪ್ಪಟೆ ನುಸಿಯೂ ಇದೆ, ಅದು ಎಲೆಯಲ್ಲಿ ಚಿಕ್ಕ ಗುಳಿಗಳನ್ನು ಮಾಡುತ್ತದೆ. ನಿಮ್ಮ ಕಡೆಯ ಬೇಸಿಗೆಯ ಒಣಹವೆಯಲ್ಲಿ ಇವು ದಿನಗಳ ಲೆಕ್ಕದಲ್ಲಿ ಹೆಚ್ಚುತ್ತವೆ.

ನುಸಿಗೆ ನೀರಿಗಿಂತ ದೊಡ್ಡ ಶತ್ರು ಮನೆಯಲ್ಲಿಲ್ಲ. ಬೆಳಿಗ್ಗೆ ಗಿಡವನ್ನು ಬಚ್ಚಲಿಗೆ ಒಯ್ದು, ಎಲೆಯ ಅಡಿಭಾಗಕ್ಕೆ ನೀರಿನ ಧಾರೆ ಬಡಿಯುವಂತೆ ತೊಳೆಯಿರಿ. ಮೂರು ನಾಲ್ಕು ದಿನಕ್ಕೊಮ್ಮೆ ಹೀಗೆ ಮಾಡಿ, ನಡುವೆ ಒಂದೆರಡು ಸಂಜೆ ಸೋಪಿನ ನೀರು ಇಲ್ಲವೇ ಬೇವಿನ ಎಣ್ಣೆ. ಜಲ್ಲಿಕಲ್ಲು ಹರಡಿದ ತಟ್ಟೆಯಲ್ಲಿ ನೀರು ನಿಲ್ಲಿಸಿ ಅದರ ಮೇಲೆ ಕುಂಡವಿಡಿ, ಕುಂಡದ ತಳ ನೀರಿಗೆ ತಾಗದಿರಲಿ. ಗಂಧಕದ ಪುಡಿಯನ್ನು ಬೇಸಿಗೆಯಲ್ಲಿ ಮುಟ್ಟಬೇಡಿ. ಬಿಸಿಯಲ್ಲಿ ಅದು ಎಲೆ ಸುಡುತ್ತದೆ, ಎಣ್ಣೆ ಹೊಡೆದ ಆಸುಪಾಸಿನಲ್ಲಂತೂ ಇನ್ನೂ ಅಪಾಯ. ಬೆಳ್ಳಿಯಾದ ಎಲೆ ಮತ್ತೆ ಹಸಿರಾಗದು. ಮದ್ದು ಹತ್ತಿದೆಯೋ ಇಲ್ಲವೋ ಎಂಬುದನ್ನು ಹೊಸ ಎಲೆ ಹೇಳಬೇಕು.

ನಮ್ಮದು ಅಡಿಕೆ ತೋಟ. ಅಂಗಳದ ಸೂರಿನಂಚಿಗೆ ತೂಗುಹಾಕಿದ ಡೆಂಡ್ರೋಬಿಯಂ ಎಲೆಗಳು ಆಷಾಢದಲ್ಲಿ ಬುಡದಿಂದ ಕಪ್ಪಾಗಿ, ನೀರು ತುಂಬಿದ ಹಾಗಾಗಿ, ಮುಟ್ಟಿದರೆ ಉದುರುತ್ತವೆ. ಮಾವಿನ ಮರದ ಸೀತಾಳೆ ದಂಡೆಗೆ ಏನೂ ಆಗಿಲ್ಲ. ಕೊಳೆಗೆ ಹೊಡೆದ ಬೋರ್ಡೋ ಉಳಿದಿದೆ, ಇದಕ್ಕೂ ಹೊಡೆಯಲೇ? (ಶಿರಸಿ)

ನಿಮ್ಮ ಊಹೆ ಬಹಳ ಮಟ್ಟಿಗೆ ಸರಿ. ಅಡಿಕೆಗೆ ಕೊಳೆರೋಗ ತರುವುದು ಫೈಟಾಫ್ತೊರಾ. ಆರ್ಕಿಡ್‌ನ ಕಪ್ಪು ಕೊಳೆಗೂ ಅದೇ ಕುಲದ ಜೀವಿ ಕಾರಣವಾಗುತ್ತದೆ. ಅದು ನೀರಿನಲ್ಲಿ ಈಜಿ ಹರಡುತ್ತದೆ, ಮಳೆಹನಿ ಸಿಡಿದಲ್ಲೆಲ್ಲ ತಲುಪುತ್ತದೆ. ಕೊಳೆತ ಭಾಗ ದುರ್ವಾಸನೆ ಹೊಡೆದರೆ ಮಾತ್ರ ಬ್ಯಾಕ್ಟೀರಿಯಾದ ಕೊಳೆ ಎಂದು ಅನುಮಾನಿಸಿ.

ಆದರೆ ಬೋರ್ಡೋ ಬೇಡ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು ಎಂಬ ಶೇ 1ರ ಲೆಕ್ಕ ಅಡಿಕೆ ಗೊನೆಗೆ ಹೇಳಿದ್ದು. ತಾಮ್ರ ಆರ್ಕಿಡ್‌ಗಳಿಗೆ ಒಗ್ಗುವುದು ಕಷ್ಟ, ಅದರಲ್ಲೂ ಡೆಂಡ್ರೋಬಿಯಂಗೆ ಅದು ನೇರ ಹಾನಿ: ಎಲೆ ಸುಡುತ್ತದೆ, ಚಿಗುರು ಕರಕಾಗುತ್ತದೆ. ರೋಗದಿಂದ ಉಳಿದ ಎಲೆಯೂ ಔಷಧಿಯಿಂದ ಹೋದೀತು. ತೋಟಕ್ಕೆ ಹೊಡೆಯುವ ದಿನ ಗಿಡಗಳನ್ನು ಒಳಗೆ ತೆಗೆದಿಡಿ.

ಸೀತಾಳೆ ದಂಡೆ ಏಕೆ ಚೆನ್ನಾಗಿದೆ ಎಂಬುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಅದೂ ಆರ್ಕಿಡ್ಡೇ. ಮಲೆನಾಡಿನ ಅಷ್ಟೂ ಮಳೆ ಅದರ ಮೇಲೆ ಬೀಳುತ್ತದೆ. ಆದರೆ ಬೇರು ತೊಗಟೆಯ ಮೇಲೆ ಬಯಲಿಗಿದೆ, ಮಳೆ ನಿಂತ ಕೂಡಲೇ ಗಾಳಿಗೆ ಆರುತ್ತದೆ. ನಿಮ್ಮ ಡೆಂಡ್ರೋಬಿಯಂ ಕುಂಡದಲ್ಲಿ ತೆಂಗಿನ ಸಿಪ್ಪೆಯ ತುಂಡುಗಳೇ ತುಂಬಿವೆ ಎಂದು ಬರೆದಿದ್ದೀರಿ. ಘಟ್ಟದ ಮೇಲಿನ ಮಳೆಗಾಲಕ್ಕೆ ಅದು ಹೊಂದುವುದಿಲ್ಲ. ತಿಂಗಳುಗಟ್ಟಲೆ ಒದ್ದೆಯಾಗಿಯೇ ಉಳಿದು ತಾನೂ ಕೊಳೆಯುತ್ತದೆ. ಸಿಪ್ಪೆ ತೆಗೆದು ಇದ್ದಿಲು, ಹಂಚಿನ ಚೂರು ತುಂಬಿ. ಸೂರಿನ ನೀರು ಬೀಳದ, ಗಾಳಿಯಾಡುವ ಜಾಗಕ್ಕೆ ಗಿಡ ಸರಿಸಿ.

ಕೊಳೆತ ಭಾಗವನ್ನು ಕತ್ತರಿಸುವಾಗ ಕಪ್ಪಿನ ಅಂಚಿಗೆ ನಿಲ್ಲಬೇಡಿ. ಎರಡು ಸೆಂಟಿಮೀಟರ್ ಹಸಿರನ್ನೂ ಸೇರಿಸಿ ತೆಗೆಯಿರಿ. ಪ್ರತಿ ಕೊಯ್ತಕ್ಕೂ ಮೊದಲು ಚಾಕುವಿನ ಅಲಗನ್ನು ಬೆಂಕಿಯಲ್ಲಿ ಕಾಯಿಸಿ. ಕೊಯ್ದ ಬಾಯಿಗೆ ಚಕ್ಕೆ ಪುಡಿ ಒತ್ತಿ, ಕೆಲವು ದಿನ ನೀರು ಕೊಡಬೇಡಿ. ಕತ್ತರಿಸಿದ್ದು ಗೊಬ್ಬರಗುಂಡಿಗೆ ಹೋಗದಿರಲಿ, ಸುಟ್ಟುಬಿಡಿ. ಕಪ್ಪು ಕಾಂಡದ ಬುಡಕ್ಕೆ ಇಳಿದಿದ್ದರೆ ಮನೆಮದ್ದಿನ ಅಳವು ಮುಗಿಯಿತು. ತಾಲ್ಲೂಕಿನ ತೋಟಗಾರಿಕೆ ಇಲಾಖೆಗೆ ಗಿಡವನ್ನೇ ಒಯ್ದು ತೋರಿಸಿ.

ಚಕ್ಕೆ ಪುಡಿ ಎಲ್ಲದಕ್ಕೂ ಆಗುತ್ತದೆ ಎನ್ನುತ್ತಾರೆ, ನಿಜವೇ? ಬೇರಿಗೂ ಹಾಕಿದ್ದೇನೆ. (ದಾವಣಗೆರೆ)

ಎಲೆಯ ಗಾಯಕ್ಕೆ ಆಗುತ್ತದೆ. ಅದು ಗಾಯ ಒಣಗಿಸುತ್ತದೆ, ಬೂಷ್ಟನ್ನು ಸ್ವಲ್ಪ ತಡೆಯುತ್ತದೆ. ಒಣಗಿಸುವ ಅದೇ ಗುಣ ಜೀವಂತ ಬೇರಿಗೆ ಕೇಡು. ಈಗ ಹಾಕಿದ್ದನ್ನು ನೀರಿನಲ್ಲಿ ತೊಳೆದುಬಿಡಿ. ಎಲೆ ಸುಕ್ಕಾಗಿದೆ ಎಂದೂ ಬರೆದಿದ್ದೀರಿ. ಅದು ಎಲೆಯ ರೋಗವಲ್ಲ, ಬೇರು ನೀರು ಕುಡಿಯುತ್ತಿಲ್ಲ ಎಂದರ್ಥ. ಗಟ್ಟಿಯಾಗಿರುವ ಹಸಿರು, ಬೆಳ್ಳಗಿನ ಬೇರು ಉಳಿಸಿ, ಮೆತ್ತಗೆ ಕಂದಾದದ್ದನ್ನು ಕತ್ತರಿಸಿ, ಹೊಸ ಇದ್ದಿಲಿನಲ್ಲಿ ನೆಡಿ.

ಹೂವಿನ ದಂಟಿನ ಮೇಲೆ ಜೇನಿನಂಥ ಹನಿಗಳು. ಭೂತಗನ್ನಡಿಯಲ್ಲಿ ನೋಡಿದರೂ ಹುಳು ಇಲ್ಲ. (ಮಂಗಳೂರು)

ಹುಳು ಇಲ್ಲದಿದ್ದರೆ ಚಿಂತೆಯೂ ಇಲ್ಲ. ಆರೋಗ್ಯವಂತ ಆರ್ಕಿಡ್ ದಂಟಿನಲ್ಲಿ, ಮೊಗ್ಗಿನ ಹೊರಗೆ ತಾನೇ ಸಿಹಿ ಹನಿ ಜಿನುಗಿಸುತ್ತದೆ. ಇರುವೆ ಬಾರದಂತೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಔಷಧಿ ಬೇಡ.

ಎಲೆಯಲ್ಲಿ ಹಳದಿ-ಹಸಿರು ಪಟ್ಟೆ, ನಡುನಡುವೆ ಕಪ್ಪು ಗುಳಿಗಳು. ಮಜ್ಜಿಗೆ, ಬೆಳ್ಳುಳ್ಳಿ, ಬೇವು ಎಲ್ಲ ಆಯಿತು. ಹೊಸ ಎಲೆಯಲ್ಲೂ ಅದೇ. ಅಮ್ಮ ಕೊಟ್ಟ ಗಿಡ, ಉಳಿಸಿಕೊಡಿ. (ಹಾಸನ)

ಬಿಸಿಲಿನ ಸುಟ್ಟ ಕಲೆಯಾದರೆ ಒಂದೇ ಕಡೆ ಒಣಗಿ ನಿಲ್ಲುತ್ತದೆ, ಹೊಸ ಎಲೆಗೆ ಬರುವುದಿಲ್ಲ. ನಿಮ್ಮ ವಿವರಣೆ ವೈರಸ್ ಕಡೆಗೆ ಬೆರಳು ಮಾಡುತ್ತದೆ. ಆರ್ಕಿಡ್‌ಗೆ ಬರುವ ವೈರಸ್‌ಗಳಲ್ಲಿ ಸಿಂಬಿಡಿಯಂ ಮೊಸಾಯಿಕ್, ಓಡಾಂಟೊಗ್ಲಾಸಂ ರಿಂಗ್‌ಸ್ಪಾಟ್ ಎಂಬ ಎರಡು ಹೆಚ್ಚು ಕಾಣುತ್ತವೆ. ಎರಡಕ್ಕೂ ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಮದ್ದಿಲ್ಲ. ಅಮ್ಮನ ಗಿಡ ಎಂದು ತಿಳಿದೂ ಇದನ್ನು ಹೇಳಬೇಕಾಗಿದೆ. ಬೇರೆ ಆರ್ಕಿಡ್ ಇಲ್ಲದಿದ್ದರೆ ಅದನ್ನು ಒಂಟಿಯಾಗಿ ಇಟ್ಟುಕೊಳ್ಳಿ, ವೈರಸ್ ಇದ್ದೂ ಎಷ್ಟೋ ಗಿಡ ವರ್ಷಗಟ್ಟಲೆ ಬದುಕಿ ಹೂ ಬಿಡುತ್ತದೆ. ಬೇರೆ ಆರ್ಕಿಡ್‌ಗಳಿದ್ದರೆ ಇದನ್ನು ತೆಗೆದುಬಿಡುವುದೇ ಸರಿ. ಈ ವೈರಸ್ ಹರಡುವುದು ಮುಖ್ಯವಾಗಿ ನಮ್ಮ ಕತ್ತರಿ, ಚಾಕುಗಳಿಂದ. ಇದರ ಮರಿಗಿಡವನ್ನು ಯಾರಿಗೂ ಕೊಡಬೇಡಿ.

ಮುಂದಿನ ಸಲ ಬರೆಯುವವರು ದಯವಿಟ್ಟು ಎಲೆಯ ಮೇಲ್ಭಾಗದ ಚಿತ್ರವೊಂದನ್ನೇ ಕಳಿಸಬೇಡಿ. ಎಲೆಯ ಅಡಿ, ಬೇರು, ಕುಂಡದೊಳಗೆ ತುಂಬಿರುವುದು ಇವುಗಳ ಚಿತ್ರವೂ ಇರಲಿ. ಯಾವ ನೀರು ಹಾಕುತ್ತೀರಿ, ದಿನಕ್ಕೆಷ್ಟು ಹೊತ್ತು ಬಿಸಿಲು ಬೀಳುತ್ತದೆ, ಈಗಾಗಲೇ ಏನೇನು ಸಿಂಪಡಿಸಿದ್ದೀರಿ ಎಂಬುದನ್ನೂ ಬರೆಯಿರಿ.